ಪಾರ್ಕಿನಲ್ಲಿ ಕಿತ್ತ ಹಲ್ಲು

ಸೋಮವಾರ ಬೆಳಗ್ಗೆ ಏಳೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಪ್ರೊಫೆಸರರ ಮೊಣಕಾಲಿನವರೆಗೂ ಕೆಸರಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮ ಹಲ್ಲು ಹೋಯ್ತು ಸಾರ್."

ಇನ್ಸ್‌ಪೆಕ್ಟರ್ ಅವರ ಬಾಯಿಯನ್ನೇ ನೋಡಿದರು. ಎಲ್ಲವೂ ಸ್ವಸ್ಥಾನದಲ್ಲಿದ್ದಂತೆ ಕಂಡಿತು.

ಬಿಡಿಸಿ ಕೇಳಿದಾಗ ವಿಷಯ ತಿಳಿಯಿತು. ಪಾರ್ಕಿನಲ್ಲಿ ಕಾರಂಜಿಯ ಪೈಪಿಗೆಂದು ಅಗೆದಾಗ, ಆನೆಯ ದೂರದ ನೆಂಟನಂಥ ಪ್ರಾಚೀನ ಪ್ರಾಣಿಯೊಂದರ ದವಡೆ ಸಿಕ್ಕಿತ್ತು. ಪ್ರೊಫೆಸರರ ತಂಡ ಮಣ್ಣಿನಿಂದ ಬಿಡಿಸುತ್ತಿದ್ದ ಆ ದವಡೆಯಲ್ಲಿ ಉಳಿದಿದ್ದ ಒಂದೇ ಒಂದು ಹಲ್ಲನ್ನು, ಇಟ್ಟಿಗೆ ಗಾತ್ರದ್ದನ್ನು, ಯಾರೋ ಕಿತ್ತುಕೊಂಡು ಹೋಗಿದ್ದರು. ಬುಧವಾರ ವಸ್ತುಸಂಗ್ರಹಾಲಯದವರು ನೋಡಲು ಬರುವವರಿದ್ದರು. ಹಲ್ಲಿಲ್ಲದೆ ಅದು ಯಾವ ಪ್ರಾಣಿಯೆಂದು ಖಚಿತವಾಗಿ ಹೇಳುವಂತಿರಲಿಲ್ಲ. ಗುಂಡಿ ಮುಚ್ಚಿ ಕಾರಂಜಿ ಕಟ್ಟಿಕೊಳ್ಳಿ ಎಂದುಬಿಟ್ಟರೆ ಮುಗಿಯಿತು.

ಹೆಡ್ ಕಾನ್‌ಸ್ಟೇಬಲ್ ದೂರು ಬರೆದುಕೊಳ್ಳತೊಡಗಿದರು.

"ಮಾಲೀಕರು?"

"ತೀರಿಕೊಂಡಿದೆ."

"ಅಯ್ಯೋ ಪಾಪ. ಯಾವಾಗ?"

"ಸುಮಾರು ಮೂವತ್ತು ಸಾವಿರ ವರ್ಷದ ಹಿಂದೆ."

ಪೆನ್ನು ನಿಂತಿತು. "ವಾರಸುದಾರರು?"

"ಸರ್ಕಾರ ಅಂತ ಬರ್ಕೊಳ್ರೀ ಸುಮ್ನೆ!" ಎಂದು ಇನ್ಸ್‌ಪೆಕ್ಟರ್ ಗದರಿದರು. ಗದರಿದ ರಭಸಕ್ಕೆ ಎಡದವಡೆಯಲ್ಲಿ ಮಿಂಚು ಹೊಡೆದಂತಾಯಿತು. ಹದಿನೈದು ದಿನದಿಂದ ಅಲ್ಲೊಂದು ಹಲ್ಲು ಜೀವ ಹಿಂಡುತ್ತಿತ್ತು. ಚೂರಿ ಹಿಡಿದವನ ಎದುರು ನಿಂತಿದ್ದ ಮನುಷ್ಯ, ದಂತವೈದ್ಯರ ಎದುರು ಬಾಯಿ ತೆರೆಯಲು ಹೆದರಿ ಲವಂಗ ಕಚ್ಚಿಕೊಂಡು ದಿನ ದೂಡುತ್ತಿದ್ದರು.

ಎಫ್‌ಐಆರ್ ದಾಖಲಾದ ಮೇಲೆ ಎಲ್ಲರೂ ಪಾರ್ಕಿಗೆ ಹೊರಟರು. ಮೊದಲು ಕಾವಲುಗಾರನ ವಿಚಾರಣೆ ನಡೆಯಿತು.

"ಮಲಗಿದ್ಯಾ?"

"ಇಲ್ಲ ಸಾರ್. ಕಣ್ಣು ಮುಚ್ಚಿದ್ದೆ."

"ಎಷ್ಟೊತ್ತು?"

"ತೆಗೆಯೋವರೆಗೂ."

"ಯಾರ್ಯಾರು ಬಂದಿದ್ರು?"

"ವಾಕಿಂಗ್‌ನೋರು ಬಿಟ್ರೆ ಯಾರೂ ಇಲ್ಲ. ಎಲ್ಲಾ ದೊಡ್ಡ ಮನುಷ್ಯರು."

ಪಂಚನಾಮೆಗೆ ಪಂಚರಾಗಿ ಸಿಕ್ಕವರು ನಗೆಕೂಟದ ಇಬ್ಬರು ಸದಸ್ಯರು. ಗುಂಡಿಯ ಅಳತೆ ಓದಿ ಹೇಳಿದಾಗಲೂ ಅವರು ಅಭ್ಯಾಸಬಲದಿಂದ ಹೊಟ್ಟೆ ಕುಲುಕಿಸಿ ನಕ್ಕರು. ಗುಂಡಿಗಿಳಿದ ಮಹಿಳಾ ಕಾನ್‌ಸ್ಟೇಬಲ್ ಮಾತ್ರ ಬಗ್ಗಿ ನೋಡುತ್ತಲೇ ಇದ್ದರು.

"ಸಾರ್, ಹಲ್ಲಿದ್ದ ಜಾಗದಲ್ಲಿ ಹತ್ತಿ ಇದೆ. ಮಡಚಿ ಒತ್ತಿಟ್ಟಿದ್ದಾರೆ."

"ನಮ್ಮದಲ್ಲ ಅದು," ಎಂದ ಪ್ರೊಫೆಸರರು ದವಡೆಯನ್ನು ಸವರಿ ನಿಟ್ಟುಸಿರಿಟ್ಟರು. "ಒಂದು ಗೀರೂ ಬಿದ್ದಿಲ್ಲ. ನಾವೇ ಕಿತ್ತಿದ್ರೂ ಇಷ್ಟು ಅಚ್ಚುಕಟ್ಟಾಗಿ ಬರ್ತಿರ್ಲಿಲ್ಲ."

ಹೆಡ್ ಕಾನ್‌ಸ್ಟೇಬಲ್ ಬೆರಗಾದರು. "ಯಾವತ್ತೋ ಸತ್ತಿದ್ದಕ್ಕೆ ರಕ್ತ ನಿಲ್ಲಲಿ ಅಂತ ಹತ್ತಿ ಇಟ್ಟಿದ್ದಾನಾ ಕಳ್ಳ?"

"ಬೇಕಂತ ಇಟ್ಟಿರಲ್ಲ," ಎಂದರು ಮಹಿಳಾ ಕಾನ್‌ಸ್ಟೇಬಲ್. "ಕೈಗೆ ಅಭ್ಯಾಸ."

ಎಲ್ಲರ ಕಣ್ಣೂ ಒಟ್ಟಿಗೆ ಎದುರು ರಸ್ತೆಯತ್ತ ತಿರುಗಿತು. ಅಲ್ಲಿ ಬಿಳಿ ಹಲ್ಲೊಂದು ಹಲ್ಲು ಕಿರಿಯುತ್ತಿರುವ ಬೋರ್ಡಿತ್ತು. ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಹಿಂದೆ ಸರಿದು ಕಾನ್‌ಸ್ಟೇಬಲ್‌ಗಳಿಬ್ಬರತ್ತ ತಿರುಗಿದರು.

"ನೀವಿಬ್ರೂ ಹೋಗ್ಬನ್ನಿ."

"ತನಿಖಾಧಿಕಾರಿ ನೀವಲ್ವಾ ಸಾರ್?"

ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಟೋಕನ್ ಕೊಡುತ್ತಿದ್ದ ಮುದುಕರು ಇನ್ಸ್‌ಪೆಕ್ಟರ ಊದಿದ ಕೆನ್ನೆ ನೋಡಿ, "ಎಷ್ಟು ದಿನದಿಂದ?" ಎಂದರು.

"ನಾನು ತನಿಖೆಗೆ ಬಂದಿರೋದು!"

"ಬಿಸಿ ಕುಡಿದ್ರೆ ನೋವು, ರಾತ್ರಿ ಜಾಸ್ತಿ. ಅಲ್ವಾ?"

ಇನ್ಸ್‌ಪೆಕ್ಟರ್ ಕೆನ್ನೆಗೆ ಕೈ ಅಡ್ಡ ಹಿಡಿದು ಒಳಗೆ ನಡೆದರು. ವೈದ್ಯೆ ಆ ಮುದುಕರ ಮಗಳು. ಕವರಿನಲ್ಲಿದ್ದ ಹತ್ತಿಯನ್ನು ಮುಂದಿಟ್ಟಾಗ ಹಗುರವಾಗಿ ನಕ್ಕರು.

"ಇದು ಎಲ್ಲಾ ಕ್ಲಿನಿಕ್ಕಲ್ಲೂ ಇರುತ್ತೆ."

"ಹೀಗೆ ಮಡಚಿರೋದು?"

ವೈದ್ಯೆ ಕವರನ್ನು ಬೆಳಕಿಗೆ ಹಿಡಿದರು. ಎರಡು ಮಡಿಕೆ, ನಡುವೆ ಹೆಬ್ಬೆರಳಿನ ಗುಳಿ. ನಗು ಮಾಯವಾಯಿತು. ಮೆಲ್ಲಗೆ ಬಾಗಿಲಿನತ್ತ ನೋಡಿದರು.

"ಹಾಗೆ ಮಡಚದಿದ್ರೆ ಸರಿಯಾಗಿ ಕೂರಲ್ಲಮ್ಮ," ಎಂದರು ಅಲ್ಲಿ ಬಂದು ನಿಂತಿದ್ದ ಮುದುಕರು.

ಸಲಕರಣೆಯ ಬೀರುವಿನಲ್ಲಿ, ಬಿಳಿ ಟವೆಲಿನೊಳಗೆ ಹಲ್ಲು ಸಿಕ್ಕಿತು. ಬೇರು ಸಮೇತ ಇಡಿಯಾಗಿತ್ತು. ತೊಳೆದು, ಮೃದುವಾದ ಬ್ರಷ್‌ನಿಂದ ಉಜ್ಜಿಯೂ ಆಗಿತ್ತು. ಹಿಂದೆಯೇ ಬಂದಿದ್ದ ಪ್ರೊಫೆಸರರು ಅದನ್ನು ಎದೆಗವಚಿಕೊಂಡು ಅತ್ತರು. ಬೈಯಬೇಕೆಂಬುದೇ ಅವರಿಗೆ ಮರೆತುಹೋಯಿತು. ಹಲ್ಲು ವಶಪಡಿಸಿಕೊಂಡ ಬಗ್ಗೆ ಬರೆದ ಮಹಜರಿಗೆ ಸಹಿಯಾಗಿ, ಮುದುಕರ ಬಂಧನವಾಯಿತು.

ಜೀಪಿನಲ್ಲಿ ಅವರು ಇನ್ಸ್‌ಪೆಕ್ಟರ ಕಿವಿಯ ಬಳಿ ಬಾಗಿದರು. "ನಾಳೆ ನನ್ನ ಮಗಳ ಹತ್ರ ತೋರಿಸಿ. ಅವಳ ಕೈ ಹಗುರ."

ಠಾಣೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ. ಆ ಕ್ಲಿನಿಕ್ಕಿನಲ್ಲಿ ಮೊದಲು ಹಲ್ಲು ಕೀಳುತ್ತಿದ್ದ ವೈದ್ಯರು ಅವರೇ; ಮೂರು ವರ್ಷದ ಹಿಂದೆ ಕೈ ನಡುಗಲು ಶುರುವಾಗಿತ್ತು. ಒಂದು ದಿನ ಸೂಜಿ ಜಾರಿ ರೋಗಿಯ ತುಟಿಗೆ ಚುಚ್ಚಿತು. ಮಗಳು ಬೈಯಲಿಲ್ಲ, ಸೂಜಿಯನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡು, "ನೀವು ಮುಂದೆ ಕೂತ್ಕೊಳ್ಳಿ ಅಪ್ಪಾ" ಎಂದಳು. ಅಂದಿನಿಂದ ಟೋಕನ್ ಹರಿಯುವುದೇ ಅವರ ಕೆಲಸ. ಈಚೆಗೆ ವಾಕಿಂಗ್ ಹೋದಾಗಲೆಲ್ಲ, ಸಡಿಲವಾಗಿ ಕೂತ ಆ ಹಲ್ಲು ಕಣ್ಣಿಗೆ ಬೀಳುತ್ತಿತ್ತು. ನೋವಾಯಿತೆಂದು ಚೀರುವ ರೋಗಿಯಲ್ಲ ಅದು.

"ಇವತ್ತು ಬೆಳಗ್ಗೆ ಕೈ ಒಂಚೂರೂ ನಡುಗಲಿಲ್ಲ," ಎಂದರು. "ಒಂದು ದಿನ ಇಟ್ಕೊಂಡು ನೋಡಿ, ನಾಳೆ ವಾಪಸ್ ಇಡೋಣ ಅಂತಿದ್ದೆ."

ಜಾಮೀನಿಗೆಂದು ಬಂದಿದ್ದ ಮಗಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

ಹೇಳಿಕೆಯ ಕೆಳಗೆ ಸಹಿ ಹಾಕಲು ಪೆನ್ನು ಹಿಡಿದ ಕೈ ಗಡಗಡ ಅದುರಿತು, ಕಾಗದ ಸರಿಯಿತು. ಇನ್ಸ್‌ಪೆಕ್ಟರ್ ಕಾಗದದ ಅಂಚನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು, ಸಹಿ ಮುಗಿಯುವವರೆಗೂ ಕಿಟಕಿಯಾಚೆ ನೋಡುತ್ತ ಕೂತರು.