ನಾರ್ಮಲ್ ಎಂದ ರಿಪೋರ್ಟು

"ಪೇಡ ತಗೊಳ್ಳಿ ಮೇಡಂ, ರಿಪೋರ್ಟ್ ನಾರ್ಮಲ್!"

ಎನ್.ಆರ್. ಪುರದ ಡಿಟಿಪಿ ಅಂಗಡಿಗೆ ಸಿದ್ದಾರ್ಥ ನುಗ್ಗಿದ ರಭಸಕ್ಕೆ, ಯಾರದೋ ಲಗ್ನಪತ್ರಿಕೆ ತಿದ್ದುತ್ತಿದ್ದ ನಿಶ್ಚಿತಾ ಬೆಚ್ಚಿದಳು. ಮುತ್ತಿನಕೊಪ್ಪದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದನಂತೆ. ಕ್ರಾಪು ಕೆದರಿತ್ತು, ಕಣ್ಣಿನಲ್ಲಿ ಮಾತ್ರ ಮದುವೆಮನೆಯ ಸಡಗರ.

ಅವಳ ತಮ್ಮನಿಗೆ ಹಿಮೋಫಿಲಿಯಾ. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ನಾಳೆ ಅಕ್ಕನಿಂದ ಮೊಮ್ಮಗುವಿಗೂ ಬಂದರೇನು ಗತಿ ಎಂದು ಸಿದ್ದಾರ್ಥನ ತಾಯಿ ಅನ್ನಪೂರ್ಣಮ್ಮ ಮದುವೆಗೆ ಒಪ್ಪುವ ಮೊದಲು ಟೆಸ್ಟ್ ಕೇಳಿದ್ದರು. ನಿಶ್ಚಿತಾಳ ರಕ್ತ ಕೊಡಿಸಿ, "ವಂಶದ ಟೆಸ್ಟ್ ಮಾಡಿ" ಎಂದು ಲ್ಯಾಬಿನಲ್ಲಿ ಹೇಳಿಬಂದವನು ಇವನೇ.

ರಿಪೋರ್ಟ್ ಓದಿದಳು. ಪೇಡ ಕೈಯಲ್ಲೇ ಉಳಿಯಿತು.

"ಇದು ಆ ಟೆಸ್ಟ್ ಅಲ್ಲ ಮಾರಾಯ್ರೆ. ಇದು ಕ್ರೋಮೋಸೋಮಿಂದು."

"ನಲವತ್ತಾರೂ ಸರಿ ಇದೆ ಅಂತ ಬರ್ದಿದಾರಲ್ರೀ!"

ಅವಳು ಲಗ್ನಪತ್ರಿಕೆ ಮುಂದೆ ಹಿಡಿದಳು. "ಎಷ್ಟು ಪುಟ?"

"ನಾಲ್ಕು."

"ಎಲ್ಲಾದ್ರೂ ಹರಿದಿದ್ಯಾ?"

"ಇಲ್ವಲ್ಲ."

"ಈಗ ಓದಿ."

"ಬಂದವರಿಗೆಲ್ಲ ಓಟದ ವ್ಯವಸ್ಥೆ..." ಅವನು ಫಕ್ಕನೆ ನಕ್ಕ. "ಅಯ್ಯೋ, ಊಟ!"

"ಕ್ರೋಮೋಸೋಮ್ ಟೆಸ್ಟ್ ಪುಟ ಎಣಿಸ್ತದೆ, ದೊಡ್ಡದಾಗಿ ಹರಿದಿದ್ರೆ ಹೇಳ್ತದೆ. ಒಂದಕ್ಷರ ತಪ್ಪಿದ್ರೆ ಅದಕ್ಕೆ ಕಾಣಲ್ಲ. ತಮ್ಮಂದು ಅಕ್ಷರದ ತಪ್ಪು. ಜೀನಿಂದು. ಅದಕ್ಕೆ ಬೇರೆ ಟೆಸ್ಟ್ ಅಂತ ಅವನ ಡಾಕ್ಟ್ರು ಹೇಳಿದ್ರು."

ಸಿದ್ದಾರ್ಥ ದನಿ ತಗ್ಗಿಸಿದ. "ಅಮ್ಮ ಒಪ್ಪಿಯಾಯ್ತು ನಿಶ್ಚಿತಾ. ನಾವಿಬ್ರೂ ಸುಮ್ನಿದ್ರೆ?"

ಸುಮ್ಮನಿರುವುದು ಎಷ್ಟು ಸುಲಭ! ಇಷ್ಟು ಹತ್ತಿರ ನಿಂತವನ ಕಣ್ಣು ನೋಡಿ ಅವಳ ಮನಸ್ಸು ಒಂದು ಗಳಿಗೆ ಜಾರಿತು. ಆಮೇಲೆ ಬೆನ್ನು ನೆಟ್ಟಗಾಯಿತು.

"ನಾಳೆ ನನ್ ತಮ್ಮ ನಿಮ್ಮನೆಗೆ ಬಂದಾಗ ನಾನು ತಲೆ ತಗ್ಗಿಸ್ಬೇಕಾ? ಜೀನ್ ಟೆಸ್ಟ್ ಮಾಡಿಸ್ತೀನಿ, ಮುಂದೆ ಮಕ್ಕಳ ವಿಷಯ ಗೊತ್ತಿರ್ಲಿ ಅಂತ. ನಿಮ್ಮನೆ ಬಾಗ್ಲು ತೆಗೆಸೋಕಲ್ಲ."

ಅವನು ಅವಳನ್ನೇ ನೋಡಿದ. ನೋಡುತ್ತಲೇ ಅಂಗಡಿಯ ಫೋನೆತ್ತಿಕೊಂಡ.

"ಅಮ್ಮ, ಆ ರಿಪೋರ್ಟ್ ಲೆಕ್ಕಕ್ಕಿಲ್ಲ. ಬೇರೆ ಟೆಸ್ಟ್ ಆಗ್ಬೇಕು. ಅದೇನೇ ಹೇಳ್ಲಿ, ನಾನು ಮದ್ವೆ ಆಗೋದು ಇವಳನ್ನೇ... ಯಾರು ಹೇಳಿದ್ದಾ? ಇವಳೇ."

ಆ ಕಡೆಯಿಂದ ಅಂಗಡಿಗೆಲ್ಲ ಕೇಳುವಂತೆ ಬಂತು: "ಕೊಡೋ ಅವಳಿಗೆ ಫೋನು!"

ನಿಶ್ಚಿತಾ ರಿಸೀವರ್ ಕಿವಿಗಿಟ್ಟಳು.

"ಏ ಹುಡ್ಗಿ, ಮುಚ್ಚಿಡಬಹುದಿತ್ತಲ್ಲೇ ನೀನು?"

"ಇಡಬಹುದಿತ್ತು ಅತ್ತೆ."

ಬಾಯಿತಪ್ಪಿ ಬಂದ ಮಾತು. ಸಿದ್ದಾರ್ಥನ ಕಿವಿ ಕೆಂಪಾಯಿತು.

"ಅತ್ತೆ ಅಂದ್ಯಾ?" ಅನ್ನಪೂರ್ಣಮ್ಮ ಗಂಟಲು ಸರಿಮಾಡಿಕೊಂಡರು. "ಟೆಸ್ಟಿಗೆ ನಾನೂ ಬರ್ತೀನಿ. ತಮ್ಮನ್ನೂ ಕರ್ಕೊಂಡು ಬಾ. ನಮ್ಮ ಬೀಗರ ಹುಡುಗ, ನಾನೊಂದ್ಸಲ ಮಾತಾಡಿಸ್ಬೇಡ್ವಾ?"

ನಿಶ್ಚಿತಾ ತಲೆಯೆತ್ತಿದಳು. ಸಿದ್ದಾರ್ಥ ಅವಳನ್ನೇ ನೋಡುತ್ತಿದ್ದ, ಇಡೀ ಬಸ್ ಸ್ಟ್ಯಾಂಡಿಗೆ ಕೂಗಿ ಹೇಳಬೇಕೆನ್ನುವ ಹೆಮ್ಮೆಯಲ್ಲಿ.