ಹಳೇ ಗುರುತು

“ಸಮ ಇಲ್ಲ. ಪೂರ್ತಿ ಕಿತ್ತು ಮತ್ತೆ ಹಾಕಿ.”

ಮೂರನೇ ಸಲ ಅದೇ ಮಾತು! ದಿಲೀಪ್ ತಲೆ ಎತ್ತಿ ಕೋಚ್ ಸೌಜನ್ಯಳನ್ನು ನೋಡಿದ. ಹಾಸನದ ಟೆನಿಸ್ ಕೋರ್ಟಿಗೆ ಮಣ್ಣು ಹಾಕಲು ಕರೆಸಿದವಳು ಯಾರೆಂದು ಗೊತ್ತಿದ್ದೂ ಹಿರೀಸಾವೆಯಿಂದ ಬಂದಿದ್ದ. ಅವಳ ಹೊಟ್ಟೆ ಉರಿಸಿದ್ದೇ ಅದು.

“ಸಮವಾಗೇ ಐತೆ ಕಣವ್ವ,” ಎಂದರು ರೋಲರ್ ಎಳೆಯುತ್ತಿದ್ದ ಚಂದ್ರಯ್ಯ.

“ನೀವು ಸುಮ್ಕಿರಿ.”

ಎಂಟು ವರ್ಷದ ಹಿಂದೆ ಅವಳು ವೃತ್ತಿಪರ ಆಟಗಾರ್ತಿ. ಮೈಸೂರಿನ ಫೈನಲ್ಲಿನಲ್ಲಿ ಗೆಲುವಿಗೆ ಒಂದೇ ಪಾಯಿಂಟ್ ಬಾಕಿ. ಅವಳು ಹೊಡೆದ ಚೆಂಡು ಗೆರೆಯ ಹತ್ತಿರ ಬಿತ್ತು. ಮಣ್ಣಿನ ಕೋರ್ಟಿನಲ್ಲಿ ಚೆಂಡು ಬಿದ್ದ ಗುರುತು ನೋಡಿಯೇ ತೀರ್ಪು. ಅಂಪೈರಾಗಿ ಆ ಗೆರೆ ನೋಡುತ್ತಿದ್ದ ದಿಲೀಪ್, ಗೆರೆಯಾಚೆಗಿದ್ದ ಗುರುತಿಗೆ ಬೆರಳು ತೋರಿಸಿ “ಔಟ್” ಎಂದುಬಿಟ್ಟ.

ಆ ಪಾಯಿಂಟ್ ಹೋಯಿತು, ಅದರ ಹಿಂದೆಯೇ ಆಟವೂ ಕೈತಪ್ಪಿತು. ವಿದೇಶಕ್ಕೆ ಕಳಿಸುತ್ತೇವೆ ಎಂದವರು ಹಿಂದೆ ಸರಿದರು. ಆಮೇಲೆ ಭುಜದ ನೋವು... ಅಲ್ಲಿಗೆ ಎಲ್ಲ ಮುಗಿಯಿತು.

ಆ ಫೈನಲ್ಲಿಗೆ ವಾರ ಮುಂಚೆಯಷ್ಟೇ ದಿಲೀಪನ ಮನೆಯವರು ಹೆಣ್ಣು ಕೇಳಿ ಬಂದಿದ್ದರು. ಮನಸ್ಸಿನಲ್ಲಿ ಇಷ್ಟವಿದ್ದರೂ, ಆಟ ಮೊದಲು ಎಂದು ಅವಳೇ ವಾಪಸು ಕಳಿಸಿದ್ದಳು. ‘ಅದರ ಸೇಡು ತೀರಿಸ್ಕೊಂಡ. ಈಗ ನನ್ನ ಸರದಿ...’

ದಿಲೀಪ್ ಮತ್ತೆ ಗುದ್ದಲಿ ಹಿಡಿದ. ಅಂಗೈಯ ಬೊಬ್ಬೆ ಒಡೆದು ಹಿಡಿಗೆ ರಕ್ತ ಅಂಟಿತು. ಅವಳಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

“ಬಿಟ್ಟು ಹೋಗ್ಬೋದಲ್ಲ? ಯಾಕೆ ಸಹಿಸ್ಕೊಂಡಿದ್ದೀಯ?”

“ಅವತ್ತು ನಾನು ತೋರ್ಸಿದ್ದು ಅದ್ಕೂ ಮುಂಚಿನ ಚೆಂಡಿನ ಹಳೇ ಗುರುತು. ನಿಮ್ಮ ಚೆಂಡು ಗೆರೆ ಮೇಲೇ ಬಿದ್ದಿತ್ತು.”

ಅವಳು ಒಂದು ಹೆಜ್ಜೆ ಮುಂದೆ ಬಂದಳು. “ಬೇಕಂತಲೇ ಮಾಡ್ದೆ. ನಾನು ಒಲ್ಲೆ ಅಂದಿದ್ದಕ್ಕೆ.”

“ನೀವು ಒಲ್ಲೆ ಅಂದ್ರೂ ನನ್ ಮನ್ಸು ಬಿಡ್ಲಿಲ್ಲ ಕಣ್ರೀ. ನಿಮ್ ಕಡೆ ಹೇಳಿದ್ರೆ, ಇವ್ನು ಪ್ರೀತಿಗೆ ಬಿಟ್ಕೊಟ್ಟ ಅಂತ ಜನ ನಿಮ್ ಗೆಲುವನ್ನೇ ಆಡ್ಕೊಂಡಾರು ಅಂತ ಹೆದ್ರಿದೆ. ಆ ಹೆದ್ರಿಕೇಲಿ ಕಣ್ಣಿಗೆ ಬಿದ್ದ ಗುರುತು ತೋರ್ಸಿಬುಟ್ಟೆ. ಮಾರನೇ ದಿನ ತಪ್ಪಾಯ್ತು ಅಂತ ಆಟ ನಡೆಸೋರಿಗೆ ಬರ್ಕೊಟ್ಟೆ. ಮುಗ್ದ ಆಟ ಮತ್ತೆ ಆಡ್ಸಲ್ಲ ಅಂದ್ರು. ನಿಮ್ಮುಂದೆ ನಿಲ್ಲೋ ಧೈರ್ಯ ಮಾತ್ರ ಬರ್ಲಿಲ್ಲ. ನೀವೇ ಕರೆಸಿದ್ರಲ್ಲ, ಇದ್ನ ಹೇಳೋಕೇ ಬಂದೆ.”

ಎಂಟು ವರ್ಷ ಅನ್ನ ಹಾಕಿ ಸಾಕಿದ್ದ ಸಿಟ್ಟು, ಯಾರ ಮೇಲೆ ಎರಗಬೇಕೋ ತಿಳಿಯದೆ ಅವಳ ಕಣ್ಣಲ್ಲಿ ನೀರಾಯಿತು.

“ನಾನು ಕ್ಷಮಿಸಲ್ಲ.”

“ಬ್ಯಾಡ ಬಿಡಿ.”

“ಒಬ್ಳೇ ಕೂತು ಬೈದು ಬೈದು ಸಾಕಾಗೈತೆ. ಇನ್ಮೇಲೆ ಬೈವಾಗ ನೀನು ಎದುರಿಗೇ ಇರ್ಬೇಕು.”

“ಎಷ್ಟು ದಿನ?”

ಅವಳು ಅವನ ಅಂಗೈ ಹಿಡಿದು, ಬೊಬ್ಬೆಗೆ ಅಂಟಿದ್ದ ಮಣ್ಣನ್ನು ಬೆರಳಲ್ಲೇ ಮೆತ್ತಗೆ ಒರೆಸಿದಳು.

“ನನ್ ಬಾಯಿ ಸೋಲೋವರ್ಗೂ.”

“ಅದು ಈ ಜನ್ಮದಲ್ಲಿ ಸೋಲಲ್ಲ ಕಣ್ರೀ.”

“ಗೊತ್ತಿದ್ದೂ ಇರ್ತೀಯಾ?”

“ಇರ್ತೀನಿ.”