ಕೆಂಪು ದೀಪ ಉರಿಯುತ್ತಿರುವಾಗ

ಶನಿವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಠಾಣೆಗೆ ಬಂದ ಹೆಂಗಸಿನ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಹಿಂದಿನ ಸಂಜೆ ಹೊಲಿಗೆ ಅಂಗಡಿಯಿಂದ ಆಸ್ಪತ್ರೆಗೆ ಓಡಿದವಳು ಅದನ್ನು ತೆಗೆದಿಡುವುದನ್ನೇ ಮರೆತಿದ್ದಳು.

"ನನ್ನ ತಂಗಿ ಐಸಿಯುನಲ್ಲಿದಾಳೆ ಸಾರ್. ಫಿಸಿಕ್ಸ್ ಲ್ಯಾಬಲ್ಲಿ ತಲೆ ಸುತ್ತಿ ಬಿದ್ದಳು ಅಂತಾರೆ ಯೂನಿವರ್ಸಿಟಿಯವರು. ನಾನು ನಂಬಲ್ಲ."

ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು. "ಯಾಕೆ ನಂಬಲ್ಲ?"

"ಕರೆಂಟ್ ಹೋದ್ರೆ ಇವತ್ತಿಗೂ ನನ್ನ ಕೈ ಹಿಡ್ಕೊಳ್ಳೋಳು ಅವಳು. ಅಂಥವಳು ಕತ್ತಲೆ ಕೋಣೇಲಿ ಒಬ್ಬಳೇ ಬಾಗಿಲು ಹಾಕ್ಕೊಂಡು ಕೂರ್ತಾಳಾ? ಮೊದಲೇ ಉಬ್ಬಸದ ಹುಡುಗಿ. ಆಮೇಲೆ ಅವಳ ಕೈ ನೋಡಿದೆ ಸಾರ್. ಬೆರಳ ಗೆಣ್ಣೆಲ್ಲ ಸುಲಿದುಹೋಗಿವೆ. ತಲೆ ಸುತ್ತಿ ಬಿದ್ದೋಳಿಗೆ ಗೆಣ್ಣು ಹೇಗೆ ಸುಲಿಯುತ್ತೆ?"

ಇನ್ಸ್‌ಪೆಕ್ಟರ್ ದೂರಿನ ಪುಸ್ತಕ ಎಳೆದುಕೊಂಡರು. ಅಕ್ರಮವಾಗಿ ಕೂಡಿಹಾಕಿ ಜೀವಕ್ಕೆ ಅಪಾಯ ತಂದ ಆರೋಪದಡಿ, ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು.

ಆಸ್ಪತ್ರೆಗೆ ಅವರ ಜೊತೆ ಹೊರಟವನು ಕಾನ್‌ಸ್ಟೇಬಲ್ ರೇಡಿಯೋ. ಅದು ಠಾಣೆಯವರು ಇಟ್ಟ ಹೆಸರು. ಅವನನ್ನು ಆಫ್ ಮಾಡುವ ಗುಂಡಿ ಇನ್ನೂ ಯಾರಿಗೂ ಸಿಕ್ಕಿರಲಿಲ್ಲ. ಆವತ್ತು ಮಫ್ತಿಯಲ್ಲಿದ್ದ.

"ಫಿಸಿಕ್ಸ್ ಅಂದ್ರೆ ನಂಗೂ ಭಯ ಸಾರ್. ಡುಮ್ಕಿ ಹೊಡೆದೇ ಇಲಾಖೆಗೆ ಬಂದೋನು."

"ಗಾಡಿ ನೋಡಿ ಓಡಿಸು."

ಐಸಿಯುವಿನ ವೈದ್ಯೆ ಗಾಜಿನಾಚೆ ನಿಂತೇ ಮಾತಾಡಿದರು. ಉಬ್ಬಸ ವಿಪರೀತಕ್ಕೆ ಹೋಗಿದೆ. ಗಂಟಲಿಗೆ ಕೊಳವೆ ಹಾಕಿದ್ದೇವೆ. ನಾಳೆಯವರೆಗೆ ಏನೂ ಹೇಳಲಾಗದು. ಬೆಳಗಿನ ಜಾವ ಸ್ವಲ್ಪ ಎಚ್ಚರವಾದಾಗ ಕೈಸನ್ನೆ ಮಾಡಿ ಪೆನ್ನು ಕೇಳಿದಳು, ಒಂದೇ ವಾಕ್ಯ ಬರೆದಳು.

ಜ್ವರ ಬರೆದಿಡುವ ಹಾಳೆಯ ಅಂಚಿನಲ್ಲಿ ಸೊಟ್ಟಪಟ್ಟ ಅಕ್ಷರಗಳಿದ್ದವು: ಐದು ಗಂಟೆ ಆಯ್ತಾ?

"ನೀವೇನಂದ್ರಿ?"

"ಯಾವಾಗಲೋ ಆಯ್ತು, ಆಗಲೇ ಶನಿವಾರ ಅಂದೆ. ಸಮಾಧಾನ ಆಗುತ್ತೆ ಅಂದ್ಕೊಂಡೆ. ಕಣ್ಣೀರು ಕಿವಿವರೆಗೂ ಹರೀತು."

ಅಕ್ಕನಿಗೂ ಅದೇನೆಂದು ಗೊತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಆ ವಾಕ್ಯವನ್ನು ಬರೆದುಕೊಂಡು ಹೊರಟರು.

ಭೌತಶಾಸ್ತ್ರ ವಿಭಾಗದ ಪ್ರಯೋಗಾಲಯ ಎರಡನೇ ಮಹಡಿಯಲ್ಲಿತ್ತು. ಶನಿವಾರ ಬಾಕಿ ಪ್ರಯೋಗ ಮುಗಿಸುವವರ ದಿನ, ಏಳೆಂಟು ವಿದ್ಯಾರ್ಥಿಗಳಿದ್ದರು. ಮೂಲೆಯಲ್ಲಿ ಬೆಳಕಿನ ಪ್ರಯೋಗಗಳ ಕತ್ತಲೆ ಕೋಣೆ. ಬಾಗಿಲಿಗೆ ಹೊರಗಿನಿಂದ ಚಿಲಕ, ಬಾಗಿಲ ಮೇಲೆ ಒಳಗೆ ಪ್ರಯೋಗ ನಡೆಯುತ್ತಿದೆ ಎಂದು ತಿಳಿಸುವ ಕೆಂಪು ದೀಪ, ಪಕ್ಕದಲ್ಲಿ ಅದರ ಸ್ವಿಚ್ಚು. ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ 'ಕೋರ್ಸಿನ ನಿಯಮಗಳು ಮತ್ತು ಅಂಕ ನೀಡುವ ಕ್ರಮ'.

ಪ್ರಾಧ್ಯಾಪಕರು ಕೈ ಉಜ್ಜಿಕೊಳ್ಳುತ್ತ ಬಂದರು. "ಅಪಘಾತ ಇದು, ಇನ್ಸ್‌ಪೆಕ್ಟರೇ. ಚಿಲಕ ಹಾಕಿರಲಿಲ್ಲ. ಬೇಕಿದ್ರೆ ಇವರನ್ನೇ ಕೇಳಿ."

ಹುಡುಗಿಯನ್ನು ಮೊದಲು ಕಂಡವಳು ಪ್ರಯೋಗಾಲಯದ ಸಹಾಯಕಿ. "ಹೌದು ಸಾರ್, ಚಿಲಕ ತೆಗೆದೇ ಇತ್ತು. ದೀಪ ಮಾತ್ರ ಉರೀತಿತ್ತು. ಆರು ಗಂಟೆ ದಾಟಿತ್ತು, ಎಲ್ಲಾ ಹೋಗಿದ್ರು, ಇನ್ಯಾರಪ್ಪಾ ಒಳಗೆ ಅಂತ ತಳ್ಳಿದೆ. ಅರ್ಧಕ್ಕೇ ನಿಂತಿತು. ಬಾಗಿಲಿಗೇ ಒರಗಿ ಬಿದ್ದಿದ್ಳು ಮಗು."

"ಬ್ಯಾಗು, ಫೋನು?"

"ಹೊರಗೆ ಗೂಡಲ್ಲಿ. ಒಳಗೆ ತಗೊಂಡು ಹೋಗೋ ಹಾಗಿಲ್ಲ, ಫೋನಿನ ಬೆಳಕಿಗೆ ರೀಡಿಂಗ್ ತಪ್ಪುತ್ತೆ."

ಬ್ಯಾಗಿನ ಪಕ್ಕದ ಜೇಬಿನಲ್ಲಿ ಉಬ್ಬಸದ ಇನ್ಹೇಲರ್ ಇತ್ತು. ಬಾಗಿಲಿನಿಂದ ಗೂಡಿಗೆ ಹತ್ತು ಹೆಜ್ಜೆಯೂ ಇಲ್ಲ.

ವಿದ್ಯಾರ್ಥಿಗಳನ್ನು ಹೊರಗೆ ಕಳಿಸಿ, ಗ್ರಂಥಪಾಲಕ ಮತ್ತು ಕಚೇರಿಯ ಗುಮಾಸ್ತನನ್ನು ಪಂಚರಾಗಿ ಕರೆದು ಪಂಚನಾಮೆ ಶುರುವಾಯಿತು. ರೇಡಿಯೋ ಟಾರ್ಚ್ ಹಿಡಿದ. ಬಾಗಿಲಿನ ಒಳಮೈಯ ಕಪ್ಪು ಬಣ್ಣ ಎದೆಯ ಎತ್ತರದಲ್ಲಿ ಕೆತ್ತಿಹೋಗಿ ಮರ ಕಾಣುತ್ತಿತ್ತು. ಅದೇ ಜಾಗದಲ್ಲಿ ಒಣಗಿದ ರಕ್ತದ ಕಲೆ.

"ಚಿಲಕ ಹಾಕಿರದ ಬಾಗಿಲನ್ನ ಯಾರೂ ಹೀಗೆ ಗುದ್ದಲ್ಲ," ಎಂದರು ಇನ್ಸ್‌ಪೆಕ್ಟರ್. "ಯಾರೋ ಹಾಕಿದ್ದಾರೆ. ಆಮೇಲೆ ಯಾರೋ ತೆಗೆದಿದ್ದಾರೆ."

ಪ್ರಾಧ್ಯಾಪಕರು ಕನ್ನಡಕ ತೆಗೆದರು, ಒರೆಸದೆ ಹಾಗೇ ಹಾಕಿಕೊಂಡರು.

ಶುಕ್ರವಾರ ಮಧ್ಯಾಹ್ನ ಕತ್ತಲೆ ಕೋಣೆಗೆ ಅತಿ ಹತ್ತಿರದ ಮೇಜಿನಲ್ಲಿದ್ದವನು ಲೋಲಕದ ಪ್ರಯೋಗ ಮಾಡುತ್ತಿದ್ದ ಹುಡುಗ. ಅದೇ ಪ್ರಯೋಗದ ಬಾಕಿ ಮುಗಿಸಲು ಆ ದಿನವೂ ಬಂದಿದ್ದ. ಏನಾದರೂ ಸದ್ದು ಕೇಳಿಸಿತೇ ಎಂದರೆ, ಆಚೆ ಮೇಜಿನಲ್ಲಿ ಓಡುವ ವ್ಯಾಕ್ಯೂಮ್ ಪಂಪಿನ ಗಲಾಟೆಯಲ್ಲಿ ಏನೂ ಕೇಳಿಸುವುದಿಲ್ಲ ಎಂದ. ಉಳಿದವರದೂ ಅದೇ ಮಾತು. ಮಾತು ತೀರಾ ಒಂದೇ ಥರ ಇತ್ತು.

ಇನ್ಸ್‌ಪೆಕ್ಟರ್ ರೇಡಿಯೋನನ್ನು ಪಕ್ಕಕ್ಕೆ ಕರೆದರು. "ನಾನು ಒಳಗೆ ಹೋಗ್ತೀನಿ. ಚಿಲಕ ಹಾಕಿ ದೀಪ ಹಾಕು. ಪಂಪು ಓಡಲಿ. ಪೊಲೀಸರು ಹೋದ್ರು ಅಂತ ಹೇಳಿ ಹುಡುಗರನ್ನ ಕರಿ. ಮಫ್ತಿಲಿರೋ ನಿನ್ನ ಕಚೇರಿಯವನು ಅಂದ್ಕೋತಾರೆ. ನೀನು ಬಾಯಿ ಮುಚ್ಕೊಂಡು ನೋಡ್ತಿರು."

"ಬಾಯಿ ಮುಚ್ಚೋದೊಂದೇ ಕಷ್ಟ ಸಾರ್."

ಬಾಗಿಲು ಮುಚ್ಚಿತು. ಕಣ್ಣು ತೆರೆದರೂ ಮುಚ್ಚಿದರೂ ವ್ಯತ್ಯಾಸ ತಿಳಿಯದ ಕತ್ತಲು. ಗೋಡೆಗೆಲ್ಲ ದಪ್ಪ ಕಪ್ಪು ಬಟ್ಟೆ. ಉಸಿರು ಬಿಟ್ಟರೆ ಮುಖಕ್ಕೇ ವಾಪಸ್ಸು ಬಂದಂತೆ ಅನ್ನಿಸುತ್ತಿತ್ತು. ಹೊರಗೆ ಹೆಜ್ಜೆಗಳು, ಸ್ಟೂಲು ಎಳೆದ ಸದ್ದು. ಅವರು ತಟ್ಟಿದರು. ಯಾರೂ ಬರಲಿಲ್ಲ. ಮುಷ್ಟಿ ಕಟ್ಟಿ ಗುದ್ದಿದರು. ಹೊರಗೆ ತಮ್ಮದೇ ಕಾನ್‌ಸ್ಟೇಬಲ್ ನಿಂತಿದ್ದಾನೆಂದು ಗೊತ್ತಿದ್ದೂ ಇನ್ನಷ್ಟು ಜೋರಾಗಿ ಗುದ್ದಿದರು. ಸ್ವಲ್ಪ ಹೊತ್ತಿಗೆ, ತಾವು ಗುದ್ದುತ್ತಿರುವುದು ಪರೀಕ್ಷೆಗೋ ನಿಜವಾಗಿಯೋ ಎಂಬುದೇ ಅನುಮಾನವಾಯಿತು.

ಚಿಲಕ ಸರಿಯಿತು. ರೇಡಿಯೋನ ಮುಖದಲ್ಲಿ ತಮಾಷೆ ಇರಲಿಲ್ಲ.

"ಎಲ್ಲರಿಗೂ ಕೇಳಿಸ್ತು ಸಾರ್. ತಲೆ ಎತ್ತಿದ್ರು, ದೀಪ ನೋಡಿದ್ರು, ಮತ್ತೆ ತಲೆ ಬಗ್ಗಿಸಿದ್ರು."

ಇನ್ಸ್‌ಪೆಕ್ಟರ್ ಲೋಲಕದ ಹುಡುಗನ ಎದುರು ಕೂತರು. ಬೆಳಕಿಗೆ ಬಂದ ಅವರನ್ನು ಕಂಡು ಅವನು ಲೋಲಕದ ಗುಂಡನ್ನು ಹಿಡಿದು ನಿಲ್ಲಿಸಿದ್ದ.

"ಈಗ ಕೇಳಿಸ್ತಾ?"

"ಹೂಂ."

"ನಿನ್ನೆ?"

"...ನಿನ್ನೆನೂ ಕೇಳಿಸ್ತು."

"ಯಾಕೆ ತೆರೀಲಿಲ್ಲ?"

"ಒಂಬತ್ತನೇ ನಿಯಮ ಸಾರ್." ಅವನು ಗೋಡೆ ನೋಡದೆಯೇ ಹೇಳಿದ. "ಕೆಂಪು ದೀಪ ಉರಿಯುತ್ತಿರುವಾಗ ಬಾಗಿಲು ತೆರೆದವರ ಹತ್ತು ಅಂಕಗಳನ್ನು ಕಳೆಯಲಾಗುವುದು. ಕಾರಣ ಕೇಳಲಾಗುವುದಿಲ್ಲ. ಹತ್ತು ಅಂಕ ಅಂದ್ರೆ ಒಂದು ಗ್ರೇಡೇ ಹೋಯ್ತು. ಮೊದಲು ಸ್ಟ್ಯಾಂಡ್ ಏನೋ ಸರಿ ಮಾಡ್ತಿದಾರೆ ಅಂದ್ಕೊಂಡೆ. ಯಾರಾದ್ರೂ ತೆರೀತಾರೆ ಅಂದ್ಕೊಂಡೆ. ಆಮೇಲೆ ಸದ್ದು ನಿಂತುಹೋಯ್ತು. ಸರಿಹೋಯ್ತೇನೋ ಅಂತ..."

"ಬಾಗಿಲ ಹತ್ರ ಯಾರಾದ್ರೂ ಬಂದ್ರಾ?"

"ಸೀನಿಯರ್ ಬಂದಿದ್ದ. ಐದು ಆದ ಮೇಲೆ. ಚಿಲಕ ತೆಗೆದು ಹಂಗೇ ಹೊರಟುಹೋದ. ಒಳಗೆ ಇಣುಕಿ ಕೂಡ ನೋಡಲಿಲ್ಲ."

"ಸೀನಿಯರ್ ಅಂದ್ರೆ?"

"ಅವಳ ಲ್ಯಾಬ್ ಜೋಡಿ. ಮೂರನೇ ಸಲ ಈ ಕೋರ್ಸ್ ತಗೊಂಡಿದಾನೆ, ಅದಕ್ಕೇ ಹಾಗೆ ಕರೀತೀವಿ."

ಹೇಳಿಕೆಗೆ ಸಹಿ ಹಾಕುವಾಗ ಹುಡುಗ ಪೆನ್ನು ನಿಲ್ಲಿಸಿದ. "ಸಾರ್, ಇದು ಮೇಷ್ಟ್ರಿಗೆ ಗೊತ್ತಾದ್ರೆ ನಂಗೆ ಅಂಕ ಕಟ್ ಆಗುತ್ತಾ?"

ರೇಡಿಯೋ ಏನೋ ಹೇಳಲು ಬಾಯಿ ತೆರೆದ. ಇನ್ಸ್‌ಪೆಕ್ಟರ್ ಕೈ ಎತ್ತಿ ತಡೆದರು.

ಆಮೇಲೆ ಅವರು ಗೋಡೆಯ ಮುಂದೆ ನಿಂತು ನಿಯಮಗಳನ್ನು ಮೊದಲಿನಿಂದ ಓದಿದರು. ಮೂರನೇ ಸಲವೂ ಅನುತ್ತೀರ್ಣರಾದವರ ಹೆಸರನ್ನು ಪದವಿಯಿಂದಲೇ ತೆಗೆಯಲಾಗುವುದು. ಪ್ರಯೋಗಗಳನ್ನು ಜೋಡಿಯಾಗಿಯೇ ಮಾಡತಕ್ಕದ್ದು. ಜೋಡಿ ಮುರಿದರೆ ಆವರೆಗಿನ ಪ್ರಯೋಗದ ಅಂಕಗಳು ಇಬ್ಬರಿಗೂ ಇಲ್ಲ. ಜೋಡಿ ಬದಲಾವಣೆಯ ಮನವಿಗಳನ್ನು ಪರಿಗಣಿಸಲಾಗುವುದಿಲ್ಲ. ಕೋರ್ಸ್ ಕೈಬಿಡುವವರು ಎಂಟನೇ ವಾರದ ಶುಕ್ರವಾರ ಸಂಜೆ ಐದರೊಳಗೆ ಖುದ್ದಾಗಿ ಅರ್ಜಿ ಕೊಡತಕ್ಕದ್ದು.

"ನಿನ್ನೆ ಎಂಟನೇ ವಾರದ ಶುಕ್ರವಾರವಾ?"

"ಹೌದು," ಎಂದರು ಪ್ರಾಧ್ಯಾಪಕರು.

"ಆ ಹುಡುಗಿ ಕೋರ್ಸ್ ಬಿಡೋಳಿದ್ಲಾ?"

"ಹೇಳಿದ್ಲು. ಮೊದಲೆರಡು ಟೆಸ್ಟಲ್ಲಿ ಅಂಕ ಕಡಿಮೆ. ಅಕ್ಕನ ದುಡಿಮೇಲಿ ಓದ್ತಿದೀನಿ, ಫೇಲ್ ಆಗೋ ಬದಲು ಬಿಟ್ಟು ಮುಂದಿನ ವರ್ಷ ತಗೋತೀನಿ ಅಂದ್ಲು. ಸರಿ, ಅರ್ಜಿ ಕೊಡು ಅಂದೆ."

ಇನ್ಸ್‌ಪೆಕ್ಟರ್ ಕೈಗಡಿಯಾರ ನೋಡಿದರು. ಹನ್ನೆರಡೂ ಮುಕ್ಕಾಲು. ಅದೇ ಹೊತ್ತಿಗೆ ಫೋನ್ ಬಂತು. ಅಕ್ಕ. ಅವಳ ಧ್ವನಿ ಸಣ್ಣದಾಗಿತ್ತು. "ಮತ್ತೆ ಆಮ್ಲಜನಕ ಇಳೀತಿದೆಯಂತೆ ಸಾರ್. ನನ್ನ ಹೊರಗೆ ಕಳಿಸಿದ್ರು. ಪರದೆ ಎಳೆದುಬಿಟ್ರು."

ಹುಡುಗಿ ಹೋದರೆ ಕೊಲೆಯ ಕಲಮು ಸೇರಿಸಬೇಕಾದೀತು. ರೇಡಿಯೋ ಕಚೇರಿಯಲ್ಲಿ ಸೀನಿಯರ್‌ನ ವಿಳಾಸ ಬರೆಸಿಕೊಂಡು ಬಂದು ಜೀಪು ಹೊರಡಿಸಿದ.

ಸೀನಿಯರ್‌ನ ಬಾಡಿಗೆ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮೇಲಿತ್ತು. ತಟ್ಟಿದ ತಕ್ಷಣ ಬಾಗಿಲು ತೆರೆಯಿತು, ಅವನು ಹಿಂದೆಯೇ ನಿಂತು ಕಾಯುತ್ತಿದ್ದಂತೆ. ಇಪ್ಪತ್ಮೂರರ ತೆಳ್ಳನೆಯ ಹುಡುಗ, ನಿದ್ದೆಗೆಟ್ಟ ಕಣ್ಣು. ಮೇಜಿನ ಮೇಲೆ ಸೋಮವಾರದ ಪ್ರಯೋಗಕ್ಕೆ ಗೆರೆ ಎಳೆದ ಖಾಲಿ ಕೋಷ್ಟಕ.

"ನಿನ್ನೆ ಎಷ್ಟು ಹೊತ್ತಿಗೆ ಲ್ಯಾಬ್ ಬಿಟ್ಟೆ?"

"ಮೂರಕ್ಕೆ."

"ಮತ್ತೆ ಯಾವಾಗ ಹೋದೆ?"

"ಹೋಗ್ಲಿಲ್ಲ."

"ಚಿಲಕ ಸರಿಸಿದ್ದನ್ನ ನೋಡಿದೋರಿದಾರೆ. ಇನ್ನೊಂದು ಸಲ ಕೇಳ್ತೀನಿ."

ಹುಡುಗ ಮಂಚದ ಅಂಚಿನಲ್ಲಿ ಕೂತ. "ಅವಳು ಹೆಂಗಿದಾಳೆ?"

"ಗೊತ್ತಿಲ್ಲ. ಈ ಗಳಿಗೆಗೆ ಗೊತ್ತಿಲ್ಲ."

ಆಮೇಲೆ ಅವನು ತಡವರಿಸದೆ ಹೇಳಿದ. ನೀನು ಬಿಟ್ಟರೆ ಜೋಡಿ ಮುರಿದು ನನ್ನ ಅಂಕವೂ ಹೋಗುತ್ತದೆ, ಅರ್ಜಿ ಕೊಡಬೇಡ ಎಂದು ವಾರವಿಡೀ ಬೇಡಿಕೊಂಡಿದ್ದ. ಅವಳು ಅತ್ತಳೇ ಹೊರತು ಒಪ್ಪಲಿಲ್ಲ. ಕೊನೆಯ ರೀಡಿಂಗ್‌ಗಳನ್ನಾದರೂ ತೆಗೆದುಕೊಡುತ್ತೇನೆ ಎಂದು ಮೂರಕ್ಕೆ ಅವನ ಜೊತೆ ಕತ್ತಲೆ ಕೋಣೆಗೆ ಬಂದಳು. ಅವನು ಜೊತೆಗಿದ್ದರೆ ಹೆದರಿಕೆಯಿಲ್ಲ ಎಂದಿದ್ದಳು. ದೀಪ ಹಾಕಿದರು. ಪ್ರಿಸಮ್ ಮರೆತೆ, ತರುತ್ತೇನೆ ಎಂದು ಅವನು ಹೊರಬಂದು ಚಿಲಕ ಹಾಕಿದ.

"ಐದರವರೆಗೆ ಅಷ್ಟೇ ಅಂದ್ಕೊಂಡೆ ಸಾರ್. ಕಿರುಚಿದ್ರೆ ಯಾರಾದ್ರೂ ತೆಗೀತಾರೆ, ನನ್ನ ಕೆಲಸ ಕೆಡುತ್ತೆ ಅನ್ನೋದೇ ಭಯ. ಯಾರೂ ತೆಗೀಲಿಲ್ಲ."

"ಐದಕ್ಕೆ ಬಾಗಿಲು ಯಾಕೆ ತೆರೀಲಿಲ್ಲ?"

"ಅವಳ ಮುಖ ನೋಡೋಕೆ ಧೈರ್ಯ ಆಗ್ಲಿಲ್ಲ. ಚಿಲಕ ತೆಗೆದ್ರೆ ಅವಳೇ ಬರ್ತಾಳೆ ಅಂದ್ಕೊಂಡೆ."

"ದೀಪ?"

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ದೀಪ ಆರಿಸಿದ್ದರೆ ಪ್ರಯೋಗಾಲಯದಲ್ಲಿದ್ದ ಯಾರು ಬೇಕಾದರೂ ಬಾಗಿಲು ತಳ್ಳುತ್ತಿದ್ದರು.

ಮಧ್ಯಾಹ್ನ ಎರಡೂವರೆಗೆ ಬಂಧನ ದಾಖಲಾಯಿತು. ಸಂಜೆಯವರೆಗೆ ಠಾಣೆಯಲ್ಲಿ ಎಲ್ಲರೂ ಫೋನಿನ ಸುತ್ತಲೇ ಸುಳಿದರು. ಹೇಳಿಕೆ ಕೊಡಲು ಬಂದ ಪ್ರಾಧ್ಯಾಪಕರೂ ಎದ್ದು ಹೋಗಲಿಲ್ಲ.

"ಜೋಡಿ ಬದಲಾಯಿಸಿ ಅಂತ ಅವನು ಬಂದಿದ್ನಾ ನಿಮ್ಮ ಹತ್ರ?" ಇನ್ಸ್‌ಪೆಕ್ಟರ್ ಕೇಳಿದರು.

"ಬಂದಿದ್ದ. ಗೋಡೆ ಮೇಲಿನ ನಿಯಮದ ಹಾಳೆ ನೋಡು ಅಂದೆ." ಪ್ರಾಧ್ಯಾಪಕರು ನೆಲ ನೋಡಿದರು. "ಪ್ರತಿ ವರ್ಷ ಎಷ್ಟೋ ಹುಡುಗ್ರು ಬರ್ತಾರೆ, ಒಬ್ಬೊಬ್ಬರದೂ ಒಂದೊಂದು ಕಷ್ಟ. ಮುಖ ನೋಡಿ ಇಲ್ಲ ಅನ್ನೋಕೆ ನನಗೆ ಬರಲ್ಲ. ಅದಕ್ಕೇ ಎಲ್ಲಾ ಬರೆದು ಗೋಡೆಗೆ ಹಾಕಿದ್ದು."

ಆರಕ್ಕೆ ಅಕ್ಕನ ಫೋನ್ ಬಂತು. ಅಳುತ್ತಿದ್ದಳು, ಇನ್ಸ್‌ಪೆಕ್ಟರ್ ಎದ್ದು ನಿಂತರು. ಅಪಾಯ ದಾಟಿದೆ, ನಾಳೆ ಕೊಳವೆ ತೆಗೆಯುತ್ತಾರೆ ಎಂದು ಅವಳು ಮೂರು ಸಲ ಹೇಳಬೇಕಾಯಿತು.

ಸೀನಿಯರ್‌ನ ಹಿನ್ನೆಲೆಯನ್ನು ಕಡತಕ್ಕೆ ಸೇರಿಸಲು ರೇಡಿಯೋ ವಿಚಾರಿಸಿಕೊಂಡು ಬಂದಿದ್ದ. ಬರಹದ ಪರೀಕ್ಷೆಗಳಲ್ಲಿ ಈ ಸಲ ಅವನು ಚೆನ್ನಾಗಿಯೇ ಮಾಡಿದ್ದ. ಬೇಕಿದ್ದುದು ಪ್ರಯೋಗದ ಅಂಕ ಮಾತ್ರ. ಹೋದ ವರ್ಷವೇ ಪದವಿ ಮುಗಿಯಿತು ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದ. ಅಪ್ಪ ಆಸ್ಪತ್ರೆಯ ಹಾಸಿಗೆಯಲ್ಲಿ ಅದನ್ನು ಕೇಳಿ, ನಗುತ್ತಲೇ ತೀರಿಕೊಂಡಿದ್ದರು. ಆ ಸುಳ್ಳನ್ನು ನಿಜ ಮಾಡುವುದೊಂದೇ ಅವನಿಗೆ ಉಳಿದಿತ್ತು.

ಲಾಕಪ್ಪಿನ ಸರಳಿನಾಚೆಗೆ ಇನ್ಸ್‌ಪೆಕ್ಟರ್ ಸುದ್ದಿ ತಿಳಿಸಿದರು. ಹುಡುಗ ಗೋಡೆಗೆ ಒರಗಿದ. ಬಹಳ ಹೊತ್ತು ಅತ್ತ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಆಮೇಲೆ, ಕೇಳಬಾರದೆಂದು ಗೊತ್ತಿದ್ದೂ ತಡೆಯಲಾಗದವನಂತೆ, ಮೆಲ್ಲಗೆ ಕೇಳಿದ.

"ಅವಳು ಅರ್ಜಿ ಕೊಡೋಕೆ ಆಗ್ಲಿಲ್ಲ ಅಲ್ವಾ ಸಾರ್? ಹಾಗಾದ್ರೆ ನಿಯಮದ ಪ್ರಕಾರ ಜೋಡಿ ಇನ್ನೂ ಇದೆ."